ಓವರ್ಸಿಯರ್ ಸಾಹೇಬರ ಮನೆಯ ಅಡಿಗೆಮನೆ

ಮಾನ್ಯ ಅಧ್ಯಕ್ಷರೇ, ಬೆಂಗಳೂರಿನಿಂದ ದಯಮಾಡಿಸಿರುವ ಎಕ್ಸಿಕ್ಯುಟಿವ್ ಇಂಜಿನಿಯರ್ ಸಾಹೇಬರೇ, ಶಿಡ್ಲಘಟ್ಟದ ಮಹಾಜನರೇ, ಮುಂದಿನ ಜಮಖಾನೆಯ ಮೇಲೆ ಕುಳಿತಿರುವ ನನ್ನ ಅಕ್ಕತಂಗಿಯರೇ, ಸಭಿಕರೇ, ಹಾಗೂ ನಿವೃತ್ತರಾಗಿ ಇನ್ನೂ ಒಂದು ಗಂಟೆಯೂ ಆಗದ ನಮ್ಮ ಯಜಮಾನರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಕೇಳಿ ಅಭ್ಯಾಸವಿದೆ. ಓವರ್ಸಿಯರ್ ಒಬ್ಬರ ಕೈಹಿಡಿದ ಮೇಲೆ ಈ ಸೀಮೆಯಲ್ಲಿ ನಡೆದ ಶಂಕುಸ್ಥಾಪನೆ, ಪ್ರಾರಂಭೋತ್ಸವಗಳಲ್ಲೆಲ್ಲ ಹೆಂಗಸರ ಸಾಲಿನಲ್ಲಿ ಕುಳಿತು ಕೇಳಿದ್ದೇನೆ. ಈಗ ಅಧ್ಯಕ್ಷರು ಇದ್ದಕ್ಕಿದ್ದಂತೆ, ಶ್ರೀಮತಿ ವೆಂಕಟರತ್ನಮ್ಮನವರೂ ಎರಡು ಮಾತಾಡಲಿ ಎಂದು ಮೈಕನ್ನು ನನ್ನ ಕಡೆ ತಿರುಗಿಸಿದರು. ಪಕ್ಕದಲ್ಲಿದ್ದ ನಮ್ಮ ಯಜಮಾನರು ಬೇಡ ಎಂದು ತಲೆಯಾಡಿಸಿದರು. ಅವರು ಬೇಡವೆಂದದ್ದಕ್ಕೇ ನಾನು ಎದ್ದೆ ಎಂದು ತಾವು ತಿಳಿಯಬಾರದು. ತಿಳಿದರೂ ನನಗೇನೂ ಬೇಜಾರಿಲ್ಲ.

ಇಲ್ಲಿಯವರೆಗೆ ಮಾತಾಡಿದ ಹಿರಿಯರೆಲ್ಲ ಇವರು ಕಟ್ಟಡಗಳನ್ನು ಎಷ್ಟು ಪ್ರೀತಿಸುತ್ತಾರೆ ಎಂದು ಹೇಳಿದರು. ನಿಜ, ಸ್ವಾಮಿ. ಆದರೆ ತಾವು ಕಂಡಿರುವುದು ಕಚೇರಿಯ ಪ್ರೀತಿ. ಮನೆಯವಳು ಕಂಡಿರುವುದು ಬೇರೆ. ದೇವಸ್ಥಾನಕ್ಕೆ ಹೋದರೆ ನಾವೆಲ್ಲ ದೇವರ ಮುಂದೆ ಕಣ್ಣು ಮುಚ್ಚುತ್ತೇವೆ, ಇವರು ಕತ್ತೆತ್ತಿ ಚಾವಣಿ ನೋಡುತ್ತಾರೆ. ಮಂಗಳಾರತಿ ತಟ್ಟೆ ಬಂದು ಮುಂದಕ್ಕೆ ಹೋದರೂ ಇವರಿಗೆ ಗೊತ್ತಾಗುವುದಿಲ್ಲ. ಯಾರ ಮನೆಗೆ ಊಟಕ್ಕೆ ಕರೆದರೂ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಒಬ್ಬರ ಮನೆಯ ಗೃಹಪ್ರವೇಶದಲ್ಲಿ ಹಾಗೆ ತಟ್ಟಿ, ಹೂಂ ಎಂದು ಮುಖ ಸಿಂಡರಿಸಿದ್ದಕ್ಕೆ, ಆ ಮನೆಯ ಯಜಮಾನಿ ಪಾಯಸ ಬಡಿಸುವಾಗ ನಮ್ಮ ಎಲೆಯನ್ನೇ ದಾಟಿಕೊಂಡು ಹೋದಳು. ತಟ್ಟಿದ್ದು ಇವರು, ಪಾಯಸ ತಪ್ಪಿದ್ದು ನನಗೂ.

ನನ್ನನ್ನು ನೋಡಲು ನಗರಗೆರೆಗೆ ಬಂದಾಗಲೂ ಇದೇ ಕಥೆ. ನಮ್ಮದು ಕಲ್ಲು ಚಪ್ಪಡಿಯ ಹಳೇ ಮನೆ. ನಾನು ತಲೆ ತುಂಬಾ ಹೂ ಮುಡಿದು, ತಟ್ಟೆ ಹಿಡಿದು ಬಂದು ನಿಂತಿದ್ದೇನೆ. ಗಂಡಿನ ಕಡೆಯವರೆಲ್ಲ ನನ್ನನ್ನು ನೋಡುತ್ತಿದ್ದಾರೆ. ಗಂಡು ಮಾತ್ರ ಮೇಲೆ ನೋಡುತ್ತಿದೆ. ಇವರ ಬಾಯಿಂದ ನಾನು ಕೇಳಿದ ಮೊದಲ ಮಾತು ಏನೆಂದು ಬಲ್ಲಿರಾ?

"ಈ ತೊಲೆ ಯಾವ ಮರದ್ದು?"

ನಮ್ಮ ತಂದೆ ಮುನಿಶಾಮಪ್ಪನವರಿಗೆ ಅಷ್ಟೇ ಸಾಕಾಯಿತು. ತಂದೆಯನ್ನು ನಾವು ನಾಯನ ಎಂದೇ ಕರೆಯುತ್ತಿದ್ದದ್ದು. ತೊಲೆ ವಿಚಾರಿಸುವ ಹುಡುಗ ಮನೆ ಬೀಳಲು ಬಿಡುವುದಿಲ್ಲ ಎಂದು ಅವತ್ತೇ ತಾಂಬೂಲ ಬದಲಾಯಿಸಿದರು. ತೊಲೆ ಒಪ್ಪಿಗೆಯಾಯಿತು, ಜೊತೆಗೆ ನಾನೂ ಬಂದೆ.

ಆ ಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕಮಾನಿರಲಿಲ್ಲ, ಕೆತ್ತನೆಯಿರಲಿಲ್ಲ. ಆದರೆ ಅಡಿಗೆಮನೆಯ ಬಾಗಿಲು, ನಡುಮನೆಯ ಬಾಗಿಲು, ಬೀದಿ ಬಾಗಿಲು ಎಲ್ಲ ಒಂದೇ ಸಾಲಿಗಿದ್ದವು. ನಮ್ಮಮ್ಮ ಒಲೆಯ ಮುಂದೆ ಕುಳಿತೇ ಬೀದಿ ನೋಡುತ್ತಿದ್ದಳು. ಯಾರಾದರೂ ಹೊಸಿಲ ಹತ್ತಿರ ಬರುವುದು ಕಂಡರೆ ಸಾಕು, ಅವರು ಚಪ್ಪಲಿ ಬಿಡುವಷ್ಟರಲ್ಲಿ ಎಸರಿಗೆ ಇನ್ನೊಂದು ಹಿಡಿ ರಾಗಿಹಿಟ್ಟು ಬಿದ್ದಿರುತ್ತಿತ್ತು. ಬಂದವರಿಗೆ ನೀವು ಊಟ ಮಾಡ್ತೀರಾ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಆ ಮನೆ ಕಟ್ಟಿದವರು ಯಾರೋ, ಅವರಿಗೆ ಡಿಪ್ಲೊಮಾ ಇತ್ತೋ ಇಲ್ಲವೋ, ನನಗೆ ಆ ಮನೆಯ ಮೇಲೆ ಪ್ರಾಣ. ಕಟ್ಟಡದ ಹುಚ್ಚು ಇವರೊಬ್ಬರಿಗೇ ಇದೆ ಎಂದು ತಾವು ತಿಳಿದಿದ್ದರೆ ಅದು ತಪ್ಪು. ನನಗೂ ಇದೆ. ನನ್ನನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಮದುವೆಯಾದ ಮೇಲೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಈಗ ಈ ಶಿಡ್ಲಘಟ್ಟ. ಎಲ್ಲ ಕಡೆಯೂ ಒಂದೇ ಅಚ್ಚಿನ ಸರ್ಕಾರಿ ಕ್ವಾರ್ಟರ್ಸು. ಮುಂದೆ ವರಾಂಡ, ಆಮೇಲೆ ಆಫೀಸು ಕೋಣೆ, ಆಮೇಲೆ ಹಾಲು, ಆಮೇಲೆ ಕತ್ತಲೆಯ ಓಣಿ, ಅದರ ಕೊನೆಯಲ್ಲಿ ಅಡಿಗೆಮನೆ, ಅದರೊಳಗೆ ನಾನು. ಚಿಂತಾಮಣಿಯಲ್ಲಿ ಒಂದು ಸಾಯಂಕಾಲ ಇವರು ಕೆಲಸದಿಂದ ಬಂದು, ಕೋಟು ತಗಲಿ ಹಾಕಿ, ಕುರ್ಚಿಯಲ್ಲಿ ಕುಳಿತು, ಕಾಫಿ ಎಂದು ಕೂಗಿದರು. ಕಾಫಿ ಬಂತು. ಕುಡಿದು, ಇವತ್ತು ಕಾಫಿ ಬಹಳ ಚೆನ್ನಾಗಿದೆ ಎಂದರು. ಅದು ನಮ್ಮ ಮನೆಯಾಗಿರಲಿಲ್ಲ. ಪಕ್ಕದ ಮನೆ, ಅಮಲ್ದಾರರ ಕಚೇರಿಯ ಗುಮಾಸ್ತರದು. ಯಾರೋ ಸಾಹೇಬರು ತನ್ನ ಗಂಡನನ್ನು ನೋಡಲು ಬಂದಿದ್ದಾರೆ ಎಂದುಕೊಂಡು ಗುಮಾಸ್ತರ ಹೆಂಡತಿ ಅಶ್ವತ್ಥಮ್ಮ ಒಳಗಿನಿಂದಲೇ ಲೋಟ ನೀಡಿದ್ದಳಂತೆ. ನನ್ನ ಕೈ ಕಾಫಿಗೆ ಆ ಮಾತನ್ನು ಇವರು ಅದಕ್ಕೆ ಮುಂಚೆಯೂ ಹೇಳಿರಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.

ನಗಬಹುದು. ಸಾಹೇಬರೂ ನಗುತ್ತಿದ್ದಾರೆ. ಅವರಿಗೂ ಹಾಗಾಗಿರಬೇಕು.

ಇವರಿಗೆ ಗಾಳಿ ಬೆಳಕಿನ ಜ್ಞಾನವಿಲ್ಲ ಎಂದು ನಾನು ಹೇಳುತ್ತಿಲ್ಲ. ಇದೇ ಊರಿನಲ್ಲಿ ಇವರು ಕಟ್ಟಿಸಿದ ರೇಷ್ಮೆ ಹುಳು ಸಾಕುವ ಕಟ್ಟಡವನ್ನು ತಾವೆಲ್ಲ ನೋಡಿದ್ದೀರಿ. ಅದನ್ನು ಕಟ್ಟುವಾಗ ಇವರು ನನ್ನ ದೇವರ ಗೂಡಿನಿಂದ ಊದುಬತ್ತಿ ಕಟ್ಟು ತೆಗೆದುಕೊಂಡು ಹೋಗಿ, ಮೂಲೆ ಮೂಲೆಯಲ್ಲೂ ಹಚ್ಚಿ ಹಿಡಿದು, ಹೊಗೆ ಯಾವ ಕಡೆ ಹೋಗುತ್ತದೆ ಎಂದು ಮಂಡಿಯೂರಿ ನೋಡಿದರು. ಹುಳುವಿಗೆ ಉಸಿರು ಕಟ್ಟಬಾರದು, ಹುಳುವಿಗೆ ಸೆಕೆಯಾಗಬಾರದು. ಪ್ರತಿ ಕಿಟಕಿಯನ್ನೂ ಅಳೆದು ಇಟ್ಟರು. ಆ ಕಟ್ಟಡದೊಳಗೆ ನಿಂತಾಗ ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಜೊತೆಗೇ ಹೊಟ್ಟೆಕಿಚ್ಚೂ ಆಯಿತು. ಹುಳುವಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಈ ವಿಷಯ ಇವತ್ತು ಯಾಕೆ ಎತ್ತಿದೆ ಎಂದರೆ, ಕಡೆಗೂ ನಾವು ಸ್ವಂತ ಮನೆ ಕಟ್ಟುತ್ತಿದ್ದೇವೆ. ಬರುವ ಶುಕ್ರವಾರ ಗುದ್ದಲಿ ಪೂಜೆ. ನಕ್ಷೆಯನ್ನು ಇವರೇ ಬರೆದಿದ್ದಾರೆ. ಬರೆದು ಮುಗಿಸಿದ ದಿನ ಊಟದ ಮಣೆಯ ಮುಂದೆ ಹರಡಿ, ನೋಡೇ, ನಿನ್ನ ಮನೆ ಎಂದರು. ನೋಡಿದೆ. ಮುಂದೆ ಕಮಾನಿನ ವರಾಂಡ, ಆಮೇಲೆ ಆಫೀಸು ಕೋಣೆ, ಆಮೇಲೆ ಹಾಲು, ಆಮೇಲೆ ಓಣಿ. ಸಭಿಕರೇ, ಓಣಿಯ ಕೊನೆಯಲ್ಲಿ ಏನಿತ್ತು ಎಂದು ನಾನು ಹೇಳಬೇಕೆ? ಆಫೀಸೇ ಇಲ್ಲದವರಿಗೆ ಆಫೀಸು ಕೋಣೆ ಯಾಕೆ ಎಂದು ಕೇಳಿದೆ. ಅಡಿಗೆಮನೆ ಮುಂದಕ್ಕೆ ತರೋಣ, ಬೀದಿಗೆ ಒಂದು ಕಿಟಕಿ ಇಡೋಣ ಎಂದೆ. ಎಲಿವೇಷನ್ ಕೆಡುತ್ತೆ, ಮನೆಯ ಮುಂಭಾಗದ ಅಂದ ಹೋಗುತ್ತೆ ಎಂದರು. ಬಂದವರಿಗೆಲ್ಲ ಒಲೆ ಕಾಣುತ್ತೆ, ಸಾಹೇಬರುಗಳು ಬಂದರೆ ಏನಂದುಕೊಳ್ಳುತ್ತಾರೆ ಎಂದರು. ಸಾಹೇಬರೇ, ತಾವು ಇಲ್ಲೇ ಇದ್ದೀರಿ. ಒಲೆ ಕಂಡರೆ ತಮಗೇನಾದರೂ ತೊಂದರೆಯೇ?

ಇವರು ಕೇಳುವುದಿಲ್ಲ ಎಂದಾದ ಮೇಲೆ ಕೆಲಸದ ಮೇಸ್ತ್ರಿ ಪಿಳ್ಳಪ್ಪನ ಹತ್ತಿರ ಹೋದೆ. ಅಗೋ, ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಾನೆ. ಪಾಯಕ್ಕೆ ದಾರ ಹಿಡಿಯುವಾಗ ಅಡಿಗೆಮನೆಯನ್ನು ಸ್ವಲ್ಪ ಮುಂದಕ್ಕೆ ಜರುಗಿಸಿಬಿಡು, ಇವರಿಗೆ ಗೋಡೆ ಎದ್ದ ಮೇಲೆ ಗೊತ್ತಾಗಲಿ ಎಂದೆ. ಅವನು ಕೈಮುಗಿದು, "ಸಾಹೇಬ್ರು ಹೇಳ್ದೆ ನಾನು ದಾರ ಮುಟ್ಟಲ್ಲ ಅಮ್ಮಯ್ಯಾ" ಎಂದುಬಿಟ್ಟ. ಇವರ ಕೈಕೆಳಗೆ ಅಷ್ಟು ವರ್ಷ ದುಡಿದವನು, ಇನ್ನು ಹೇಗೆ ತಾನೇ ಆಡುತ್ತಾನೆ?

ಒಂದು ಕಿಟಕಿಗೆ ಇಷ್ಟು ಹಟವೇ ಎಂದು ತಮಗೆ ಅನ್ನಿಸಬಹುದು. ಇವರಿಗೂ ಅನ್ನಿಸಿದೆ. ಇಲ್ಲಿಯವರೆಗೂ ನಾನು ಇವರಿಗೆ ಕಾರಣ ಹೇಳಿಲ್ಲ. ಈಗಲೂ ಹೇಳಬೇಕೆಂದು ಎದ್ದು ಬಂದವಳಲ್ಲ. ಮಾತು ಇಲ್ಲಿಗೆ ಬಂದು ನಿಂತಿದೆ, ಹೇಳಿಬಿಡುತ್ತೇನೆ.

ಐವತ್ತೊಂದನೇ ಇಸವಿಯಲ್ಲಿ ನಾವು ಗೌರಿಬಿದನೂರಿನಲ್ಲಿದ್ದೆವು. ಆ ಕ್ವಾರ್ಟರ್ಸು ಇವರೇ ನಿಂತು ಕಟ್ಟಿಸಿದ್ದು. ಮುಂದೆ ಕಮಾನು, ದಪ್ಪ ತೇಗದ ಬಾಗಿಲು. ಬಾಗಿಲು ಹಾಕಿದರೆ ಬೀದಿಯ ಒಂದು ಸದ್ದೂ ಒಳಗೆ ಬರುವುದಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆಗ ಅವರೆಕಾಯಿಯ ಕಾಲ. ಒಂದು ದಿನ ನಾನು ಹಿಂದೆ ಅಡಿಗೆಮನೆಯಲ್ಲಿ ಒರಳಿನ ಮುಂದೆ ಕುಳಿತು ರುಬ್ಬುತ್ತಿದ್ದೆ. ನಾಯನ ನಗರಗೆರೆಯಿಂದ ಬಸ್ಸಿನಲ್ಲಿ ಬಂದಿದ್ದಾರೆ. ಬಾಗಿಲು ತಟ್ಟಿದ್ದಾರೆ. ರತ್ನಮ್ಮಾ, ರತ್ನಮ್ಮಾ ಎಂದು ಕರೆದಿದ್ದಾರೆ. ನನಗೆ ಕೇಳಲಿಲ್ಲ. ಮಗಳು ಎಲ್ಲೋ ಹೋಗಿರಬೇಕು ಎಂದುಕೊಂಡು ಆ ಕಮಾನಿನ ಕೆಳಗೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದು, ಅವರೆಕಾಯಿ ಚೀಲವನ್ನು ಬಾಗಿಲಿಗೆ ಒರಗಿಸಿ, ವಾಪಸು ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ನಾನು ಬಾಗಿಲು ತೆಗೆದಾಗ ಚೀಲ ಒಳಕ್ಕೆ ಬಿತ್ತು. ಎದುರು ಮನೆಯ ಗಂಗುಲಮ್ಮ ಬಂದು, "ನಿಮ್ ನಾಯ್ನ ಅಷ್ಟೊತ್ತು ಕೂಗ್ತಾ ಇದ್ರಲ್ಲಮ್ಮ, ನೀನು ಮನೇಲೇ ಇದ್ಯಾ?" ಎಂದಳು.

ಆ ರಾತ್ರಿ ಇವರಿಗೆ ಆ ಅವರೆಕಾಯಿಯದೇ ಹಿತಕಿದ ಬೇಳೆ ಸಾರು ಮಾಡಿ ಬಡಿಸಿದೆ. ಮಾವನವರು ಬಂದಿದ್ದರೇ, ಕೂತಿದ್ದು ಹೋದರೇ ಎಂದು ಕೇಳಿದರು. ಕೂತಿದ್ದೇ ಹೋದರು ಎಂದೆ. ಹೋಗಲಿ, ಹಬ್ಬಕ್ಕೆ ಹೋದಾಗ ಮಾತಾಡಿದರಾಯಿತು ಎಂದು ನಾನೂ ಸಮಾಧಾನ ಮಾಡಿಕೊಂಡೆ. ಸಂಕ್ರಾಂತಿಗೆ ಮುಂಚೆಯೇ ಎದೆನೋವು ಬಂದು ನಾಯನ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅದೇ ಅಡಿಗೆಮನೆಯಲ್ಲಿ ಎಷ್ಟು ಸಲ ರುಬ್ಬುವುದನ್ನು ನಿಲ್ಲಿಸಿ ಕಿವಿಗೊಟ್ಟೆನೋ ನನಗೇ ಗೊತ್ತಿಲ್ಲ. ಎಷ್ಟು ಅತ್ತೆನೋ ಅದೂ ಗೊತ್ತಿಲ್ಲ. ಕತ್ತಲೆಯ ಅಡಿಗೆಮನೆಯಲ್ಲಿ ಅದೊಂದು ಅನುಕೂಲ.

ಇವರಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಕೆಲಸದಿಂದ ಮನೆಗೆ ಬರುವಾಗಲೆಲ್ಲ ಆ ಕಮಾನನ್ನು ನೋಡಿ ಇವರಿಗಾಗುತ್ತಿದ್ದ ಸಂತೋಷ ಹೋಗಿಬಿಡುತ್ತಿತ್ತು. ಸೈಕಲ್ ನಿಲ್ಲಿಸಿ ಅದನ್ನು ನೋಡುವಾಗ ಇವರ ಮುಖ ಮಗುವಿನ ಮುಖದ ಹಾಗಿರುತ್ತಿತ್ತು. ನನಗೆ ಆ ಮುಖ ಇಷ್ಟ, ಅದಕ್ಕೇ ಸುಮ್ಮನಿದ್ದೆ. ಇವತ್ತು ಇಷ್ಟು ಜನರ ಮುಂದೆ ಹೇಳಿದ್ದು ಸರಿಯೋ ತಪ್ಪೋ ತಿಳಿಯದು. ಇನ್ನು ಇವರು ಸರ್ಕಾರಕ್ಕೆ ಕಟ್ಟುವುದಿಲ್ಲ. ಇದೊಂದೇ ಉಳಿದಿದೆ.

ಆದ್ದರಿಂದ, ಅಧ್ಯಕ್ಷರೇ, ತಮ್ಮೆಲ್ಲರ ಸಮ್ಮುಖದಲ್ಲಿ ನಮ್ಮ ಯಜಮಾನರನ್ನು ಕೇಳಿಕೊಳ್ಳುತ್ತಿದ್ದೇನೆ. ಕಮಾನು ಇರಲಿ. ಒಂದಕ್ಕೆರಡು ಇರಲಿ. ಅಡಿಗೆಮನೆ ಮಾತ್ರ ಮುಂದೆ ಬೇಕು. ನಾನು ಅನ್ನ ಬಸಿಯುತ್ತಾ ಬೀದಿ ನೋಡಬೇಕು. ಯಾರು ಬಂದರೂ ನನಗೆ ಕಾಣಬೇಕು, ಅವರು ಕೂಗುವ ಮೊದಲೇ ನಾನು ಬನ್ನಿ ಎನ್ನಬೇಕು. ಆಗುವುದಿಲ್ಲ ಎನ್ನುವುದಾದರೆ ಇವರು ಈಗಲೇ, ಇಲ್ಲೇ, ಎದ್ದು ನಿಂತು ಹೇಳಲಿ.

ಅಯ್ಯೋ. ಎದ್ದೇಬಿಟ್ಟರು.

ನಗಬೇಡಿ, ದಯವಿಟ್ಟು ನಗಬೇಡಿ. ಅವರು ನನ್ನ ಕಡೆ ನೋಡುತ್ತಿಲ್ಲ, ನಿಮ್ಮೆಲ್ಲರ ತಲೆಯ ಮೇಲಿಂದ ಕೊನೆಯ ಸಾಲಿನ ಕಡೆ ನೋಡುತ್ತಿದ್ದಾರೆ. ಕೈ ಎತ್ತಿ, ಅಂಗೈಯನ್ನು ಹಿಂದಿನಿಂದ ಮುಂದಕ್ಕೆ ತರುತ್ತಿದ್ದಾರೆ. ಇನ್ನೂ ಮುಂದಕ್ಕೆ. ಇನ್ನೂ. ಕೆಲಸ ನಡೆಯುವ ಕಡೆ ಮೇಸ್ತ್ರಿಗಳಿಗೆ ದಾರ ಜರುಗಿಸು ಎನ್ನುವುದು ಹೀಗೆಯೇ. ನೋಡಿಕೊಂಡೆಯಾ, ಪಿಳ್ಳಪ್ಪಾ? ತಲೆಯಾಡಿಸಿದ. ನೋಡಿಕೊಂಡ.

ಕೂತುಕೊಳ್ಳಿ ಅಂದ್ರೆ. ಹಾರ ಜಾರುತ್ತಿದೆ, ಕೂತುಕೊಳ್ಳಿ.

ಎರಡು ಮಾತಿಗೆ ಕರೆದು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೂ, ದೂರದಿಂದ ಬಂದ ಸಾಹೇಬರಿಗೂ, ನಕ್ಕವರಿಗೂ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಅಕ್ಕತಂಗಿಯರಿಗೂ ನನ್ನ ವಂದನೆಗಳು. ಶುಕ್ರವಾರ ಪೂಜೆಗೆ ಎಲ್ಲರೂ ಬರಬೇಕು. ನಮಸ್ಕಾರ.