ಚಕ್ಕಡಿ ಹಿಂದಿನ ಕಂದೀಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮ್ಯಾಲ ಕೂತ ಹಿರಿಯರೇ, ರೋಣದ ಪ್ಯಾಟಿಯ ದೊಡ್ಡ ಮಂದಿಯೇ, ನನ್ನ ಹಂಗ ಚಕ್ಕಡಿ ಹೊಡಿಯುವ ಅಣ್ಣತಮ್ಮಂದಿರೇ, ಬಾಗಲ ಹತ್ರ ಕೂತ ತಾಯಂದಿರೇ, ಒಟ್ಟು ಸಭಿಕರೇ,

ನಾನು ಅಬ್ಬಿಗೇರಿ ಅಜ್ಜಪ್ಪ. ನನಗ ಎತ್ತಿನ ಕೂಡ ಮಾತಾಡಿ ರೂಢಿ, ಸಭಾದಾಗ ಅಲ್ಲ. ಎತ್ತು ಚಪ್ಪಾಳಿ ಹೊಡಿಯೂದಿಲ್ಲ ಖರೇ, ಆದ್ರ ನಡುವ ಎದ್ದೂ ಹೋಗೂದಿಲ್ಲ. ಹಿಂಗಾಗಿ ಮಾತು ತಪ್ಪಿದರ ಹೊಟ್ಟ್ಯಾಗ ಹಾಕ್ಕೋರಿ.

ಇವತ್ತು ನಮ್ಮ ಗಾಡಿಕಾರರ ಸಂಘದವರು ನನಗ ಈ ಶಾಲು ಹೊಚ್ಚಿದರು. ಯಾಕ? ನಮ್ಮ ರಸ್ತಾದಾಗ ಮೋಟಾರ ಓಡಾಡಾಕ ಹತ್ತಿದ ಮ್ಯಾಲೆ ಎಷ್ಟೋ ಚಕ್ಕಡಿ ಮುರದ್ವು, ಎಷ್ಟೋ ಎತ್ತಿನ ಕಾಲು ಹೋದವು. ಅಜ್ಜಪ್ಪನ ಚಕ್ಕಡಿಗೆ ಮಾತ್ರ ಒಂದು ಗೀರು ಬಿದ್ದಿಲ್ಲ. ಅದಕ್ಕ ಈ ಶಾಲು, ಮತ್ತ ಚಕ್ಕಡಿ ಹಿಂದ ತೂಗಹಾಕಾಕ ಈ ಕೆಂಪು ಗಾಜಿನ ಕಂದೀಲು. "ಹ್ಯಾಂಗ ಸಾಧಿಸಿದಿ, ನಾಕು ಮಂದಿಗೆ ಹೇಳು" ಅಂದಾರ ಅಧ್ಯಕ್ಷರು. ಹೇಳತೀನ್ರಿ.

ನಾವೆಲ್ಲಾ ಕಂದೀಲು ಎಲ್ಲಿ ಕಟ್ಟತೀವಿ? ಚಕ್ಕಡಿ ಹೊಟ್ಟಿ ಕೆಳಗ. ಯಾಕ ಕಟ್ಟತೀವಿ? ಎತ್ತಿಗೆ ಹಾದಿ ಕಾಣಲಿ ಅಂತ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜಿ, ಹಣಿಗೆ ಗೊಂಡೆ, ನಮ್ಮ ಸಿಂಗಾರೆಲ್ಲಾ ಮುಂದ. ಹಿಂದ ಏನೈತಿ? ನಮ್ಮ ಚಕ್ಕಡಿ ಹಿಂದಿನಿಂದ ಹ್ಯಾಂಗ ಕಾಣತೈತಿ ಅಂತ ಯಾವತ್ತರ ನೋಡೀವೇನ್ರಿ? ಸುಗ್ಗ್ಯಾಗ ಜ್ವಾಳದ ಒಣ ದಂಟು, ಕಣಕಿ, ಹೇರಿದರ ಅದು ಹಿಂದ ನೆಲ ಬಳಿಯೂ ಹಂಗ ಜೋತು ಬೀಳತೈತಿ. ಕೆಳಗ ಕಂದೀಲು ಉರಿತಿದ್ದರೂ ಹಿಂದ ಬರೂ ಮೋಟಾರಿನವಂಗ ಕಾಣೂದು ಬರೇ ಕತ್ತಲ. ನನಗೂ ಹಂಗ ಆತು. ಒಂದು ಸಂಜಿ ಜಕ್ಕಲಿ ದಾಟಿ ಬರೂಮುಂದ ಮೋಟಾರೊಂದು ಬೆನ್ನಿಗೇ ಬಂದು ಗಕ್ಕನ ನಿಂತಿತು. ಡ್ರೈವರ ಮದರಸಾಬರು ಇಳಿದು ಬಂದು, "ಅಜ್ಜಪ್ಪಣ್ಣ, ನಿನ್ನ ಚಕ್ಕಡಿ ಕಾಣಲೇ ಇಲ್ಲೋ. ಹಿಂದೊಂದು ದೀಪ ಇಡೋ ಮಾರಾಯ" ಅಂದರು.

ಕಣಕಿಗೆ ಕಂದೀಲು ಕಟ್ಟಿದರ ಬೆಂಕಿ ಹತ್ತತೈತಿ. ಅದಕ್ಕ ನಾನು ಭಾಳ ಬುದ್ಧಿ ಓಡಿಸಿದೆ. ನಮ್ಮ ಮನಿಯಾಕಿಗೆ, ಹೊಳೆವ್ವಗ, "ನೀ ಕಂದೀಲ ಹಿಡಕೊಂಡು ಹಿಂದ ನಡಕೋತ ಬಾ" ಅಂದೆ.

ಅದ ನೋಡ್ರಿ ನನ್ನ ಉಪಾಯ. ಇದನ್ನ ಹೇಳಿ ನಿಮ್ಮನ್ನ ನಗಸಬೇಕಂತ ಮನಿಯಿಂದ ಹೊಂಟು ಬಂದಿದ್ದೆ. ಆದ್ರ ಈಗ, ಈ ಶಾಲು ಹೊಚ್ಚೂಕಿಂತ ಸ್ವಲ್ಪ ಮುಂಚೆ, ಇಲ್ಲೇ ಹಿತ್ತಲದಾಗ ಚಾ ಕುಡಿಯೂಮುಂದ ಅದೇ ಮದರಸಾಬರು ಸಿಕ್ಕು, "ಅಕ್ಕಾರ ಕಾಲು ಈಗ ಹ್ಯಾಂಗೈತಿ?" ಅಂತ ಕೇಳಿದರು. "ಯಾವ ಕಾಲು?" ಅಂದೆ. ಅವರು ನನ್ನ ಮಾರಿ ನೋಡಿ, ಆದದ್ದೆಲ್ಲಾ ಹೇಳಿದರು.

ಹ್ವಾದ ಸುಗ್ಗ್ಯಾಗ ಎದುರಿನ ಲಾರಿ ಬೆಳಕು ಕಣ್ಣಿಗೆ ಹೊಡದು ಅವರಿಗೆ ಆಕಿ ಕಾಣಲಿಲ್ಲಂತ. ಬ್ರೇಕ್ ಹಾಕೂದ್ರಾಗ ಮೋಟಾರ ತಾಗಿ ಆಕಿ ಬಿದ್ದಳಂತ. ಇವರು ಎಬ್ಬಿಸಿ, ನನ್ನ ಕರೀತೀನಿ ಅಂದರ, "ಬ್ಯಾಡೋ ತಮ್ಮಾ, ಅವರಿಗೆ ಹೇಳಬ್ಯಾಡ, ಗಾಬರಿ ಆಗತಾರ" ಅಂದು ಕುಂಟಕೋತ ಚಕ್ಕಡಿ ಹಿಂದ ಓಡಿದಳಂತ. ಕಣಕಿಯ ಈಚಿಗೆ ನಾನು ಪದ ಹೇಳಕೋತ ಕೂತಿದ್ದೆ. ಗೆಜ್ಜಿ ಸಪ್ಪಳದಾಗ ನನಗ ಏನೂ ಕೇಳಲಿಲ್ಲ.

ಅವತ್ತು ಮನಿ ಮುಟ್ಟಿದಾಗ ಕಂದೀಲಿನ ಗಾಜು ಒಡದಿತ್ತು, ಅದು ನನಗ ಚಲೋ ನೆನಪೈತಿ. "ಕೈಯಾಗಿನ ಸಾಮಾನು ನೆಟ್ಟಗ ಹಿಡಿಯಾಕ ಬರೂದಿಲ್ಲೇನ ನಿನಗ?" ಅಂತ ಬೈದೆ. ಮುಂದ ಕುಂಟೂದು ನೋಡಿ, ವಾಯು ಇರಬೇಕು, ಎಣ್ಣಿ ತಿಕ್ಕೋ ಅಂದೆ. ದವಾಖಾನಿಗೆ ಕರಕೊಂಡು ಹೋಗಲಿಲ್ಲ.

ಸಭಿಕರೇ, ಅಜ್ಜಪ್ಪನ ಚಕ್ಕಡಿಗೆ ಒಂದು ಗೀರು ಬಿದ್ದಿಲ್ಲ ಅಂದಿರಿ. ಖರೇ ಐತಿ. ಬೀಳೂದೆಲ್ಲಾ ಆಕಿ ಮ್ಯಾಲ ಬಿತ್ತು. ನನಗ ನಾಚಿಕಿ ಆಗೈತ್ರಿ. ಈ ಶಾಲು ಹೊತ್ತು ನಿಮ್ಮ ಮುಂದ ನಿಲ್ಲಾಕ ನಾಚಿಕಿ ಆಗೈತಿ.

ಅಣ್ಣತಮ್ಮಂದಿರೇ, ನನ್ನ ಉಪಾಯ ಕಲೀಬ್ಯಾಡ್ರಿ. ಹಿಂದಿನ ಕಣಕಿ ಬಿಗಿದು ಕಟ್ಟ್ರಿ. ಒಂದು ಉದ್ದನ ಕೋಲು, ಬಡಗಿ, ಹಿಂದಕ್ಕ ಚಾಚಿ, ಅದರ ತುದಿಗೆ ಈ ಕೆಂಪು ಕಂದೀಲು ತೂಗಹಾಕ್ರಿ. ಒಂದು ಬಡಗಿ ಸಾಕಿತ್ರಿ. ಊರ ತುಂಬ ಜಾಲಿ ಗಿಡ ಅದಾವು. ಬಡಗಿ ಮಾಡೂ ಕೆಲಸಕ್ಕ ನಾನು ಹೆಂಡತಿನ್ನ ಹಚ್ಚಿದೆ.

ಇನ್ನೊಂದು ಮಾತು ಹೇಳಿ ಮುಗಸತೀನಿ. ಇವತ್ತು ಸನ್ಮಾನ ಐತಿ ಅಂತ ಎತ್ತು ತೊಳದು, ಗೆಜ್ಜಿ ಕಟ್ಟಿ, ತಲಿಗೆ ಪಟಗಾ ಸುತ್ತಿಕೊಂಡು ಬಂದೆ. ಸಂಜಿ ಮುಂದ ಇಲ್ಲಿ ಬಂದು ಇಳಿದು ತಿರುಗಿ ನೋಡಿದರ, ಹೊಳೆವ್ವ ಕಂದೀಲ ಹಿಡಕೊಂಡು ಕುಂಟಕೋತ ಹಿಂದ ಬರಾಕತ್ತಿದ್ದಳು. ಆವಾಗ ನನಗ ಏನೂ ಅನಸಲಿಲ್ಲ. ಇವತ್ತು ಕಣಕಿ ಹೇರಿರಲಿಲ್ರಿ. ಚಕ್ಕಡಿ ಖಾಲಿ ಇತ್ತು.

ಇಷ್ಟು ಹೊತ್ತು ಕೇಳಿದ್ದಕ್ಕ ಉಪಕಾರ ಆತು. ಬಾಗಲ ಹತ್ರ ಕೂತಾಕಿಗೆ ಮೊದಲ, ಆಮ್ಯಾಲೆ ನಿಮಗೆಲ್ಲರಿಗೂ, ನಮಸ್ಕಾರ.