ಕೆಂಪು ಗೆರೆಯೊಳಗಿನ ಸೋಮಾರಿ

ಮೂಳೆ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಕೂತಿದ್ದವರು ಟಿವಿಯಲ್ಲಿ ಫುಟ್‌ಬಾಲ್ ವಿಶ್ಲೇಷಿಸುವ ಮಾಜಿ ಆಟಗಾರ. ಜೊತೆಯಲ್ಲಿ ಅವರ ಅಕ್ಕ.

“ನಿನ್ನೆ ಯಾವುದೋ ಹಳೇ ಪಂದ್ಯ ಹಾಕಿದ್ರು ಅಕ್ಕಾ. ಒಬ್ಬ ಓಡದೆ ಸುಮ್ನೆ ನಿಂತಿದ್ದ. ಪರದೆ ಮೇಲೆ ಅವನ ಸುತ್ತ ಕೆಂಪು ಗೆರೆ ಎಳೆದು, ಈ ಸೋಮಾರಿಯಿಂದಲೇ ಎದುರಿನವರಿಗೆ ಗೋಲಾಯ್ತು ಅಂತ ಜಾಡಿಸ್ದೆ.”

“ನೋಡ್ದೆ.”

“ಅವನು ಈ ಕಡೆ ತಿರುಗಿದ. ನೋಡಿದ್ರೆ ನಾನೇ!”

“ಬೆನ್ನು ನೋಡಿದಾಗ್ಲೇ ನಂಗೆ ಗೊತ್ತಾಯ್ತು ಕಣೋ.”

“ಗಾಬರಿಲಿ ಗೆರೆ ಅಳಿಸೋಕೆ ಹೋದೆ. ಅದು ಹೋಗೋ ಬದಲು ಪರದೇಲಿ ನನ್ನ ತಲೆ ಮೇಲೊಂದು ಬಾಣಾನೂ ಬಂತು.”

“ಆಗ ನೀನು ಓಡಲ್ಲ ಅಂತ ಕೋಚ್ ಹೇಳಿದಾಗ, ಅವರಿಗೆ ಕಣ್ಣು ಕಾಣಲ್ಲ ಅಂತ ಮನೆಗೆ ಬಂದು ಕೂಗಾಡ್ತಿದ್ದೆ.”

“ಬೆಳಿಗ್ಗೆ ಆ ಕೋಚೇ ಫೋನ್ ಮಾಡಿದ್ರು. ಮಾತೇ ಇಲ್ಲ, ಬರೀ ನಕ್ಕಿದ್ದೇ ನಕ್ಕಿದ್ದು.”

ನರ್ಸ್ ಕರೆದಳು. ಅವರು ಎದ್ದು, ಮಂಡಿ ಹಿಡಿದು ನಿಂತುಬಿಟ್ಟರು.

“ಮತ್ತೆ ನಿಂತ್ಯಲ್ಲೋ, ನಡಿ!” ಎನ್ನುತ್ತ ಅಕ್ಕ ತೋಳು ಹಿಡಿದು ಒಳಗೆ ಕರೆದೊಯ್ದರು.