ತಿರುವಿನಲ್ಲಿ ಹೊಡೆದ ಹಾರ್ನ್

ಅಧ್ಯಕ್ಷ ಸ್ಥಾನದಲ್ಲಿರುವ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರೇ, ವ್ಯಾಪಾರ ಬಿಟ್ಟು ಬಂದಿರುವ ಬೇಕರಿ ಬಂಧುಗಳೇ, ಸಭಿಕರೇ,

ಸಾಹೇಬರ ಕೆಲಸವೇ ಸರ್ಪ್ರೈಸ್ ತಪಾಸಣೆ. ಆದ್ದರಿಂದ ‘ಸರ್ಪ್ರೈಸ್’ ಎಂಬ ಪದದ ಮೇಲೆ ಎರಡು ಮಾತಾಡಿ ಎಂದು ನಮ್ಮ ಬೇಕರಿ ಸಂಘದ ಕಾರ್ಯದರ್ಶಿ ಅಪ್ಪಣೆ ಕೊಡಿಸಿದರು. ಬನ್ನು ಬೇಯಿಸುವವನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಮಗಳನ್ನು ಕೇಳಿದೆ. “ಅಪ್ಪಾ, ಅದು ಫ್ರೆಂಚಿನಿಂದ ಬಂದಿದ್ದು. ಮೇಲೆ ಬಿದ್ದು ಹಿಡಿಯೋದು ಅಂತ ಅರ್ಥ. ಮೊದಲು ಯುದ್ಧದ ಮಾತು, ಹುಟ್ಟುಹಬ್ಬದ ಸರ್ಪ್ರೈಸೆಲ್ಲ ಆಮೇಲಿಂದು” ಎಂದಳು. ನೋಡಿ, ನಾವು ಖುಷಿಯಿಂದ ಆಡುವ ಮಾತು ಹುಟ್ಟಿದ್ದು ದಾಳಿಯಲ್ಲಿ!

ಸಾಹೇಬರು ನಮ್ಮ ಬೇಕರಿಗೆ ಮೊದಲ ಸಲ ಬಂದದ್ದೂ ದಾಳಿಯಂತೆಯೇ. ಹಿಂಬಾಗಿಲು ತಳ್ಳಿ, “ಯಾರೂ ಅಲ್ಲಾಡ್ಬೇಡಿ!” ಎಂದರು. ಭಟ್ಟಿಯಿಂದ ಟ್ರೇ ಎಳೆಯುತ್ತಿದ್ದ ನನ್ನ ಹೆಂಡತಿ ಬೆಚ್ಚಿಬಿದ್ದಳು. ಕಾದ ಟ್ರೇ ಮುಂಗೈ ಮೇಲೆ ಜಾರಿತು. ಸಾಹೇಬರು ಪೆನ್ನು ಬಿಸಾಡಿ ಓಡಿಬಂದು, ಆಕೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತರು. “ತಪ್ಪಾಯ್ತು ತಂಗೀ, ತಪ್ಪಾಯ್ತು” ಎನ್ನುತ್ತಲೇ ಇದ್ದರು.

ಅಂದಿನಿಂದ ಬೀದಿಯ ತಿರುವಿಗೆ ಬಂದೊಡನೆ ಸ್ಕೂಟರಿನ ಹಾರ್ನನ್ನು ಎರಡು ಸಲ... ಅಯ್ಯೋ! ಎಲುಬಿಲ್ಲದ ನಾಲಿಗೆ, ಜಾರಿಬಿಟ್ಟಿತಲ್ಲ! ಸಾಹೇಬರು ತಲೆ ತಗ್ಗಿಸಿದ್ದಾರೆ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಅವರನ್ನೇ ನೋಡುತ್ತಿದ್ದಾರೆ. ಮುನ್ಸೂಚನೆ ಕೊಟ್ಟು ಸರ್ಪ್ರೈಸ್ ತಪಾಸಣೆಯೇ ಎಂದು ಅವರು ಕೇಳಿದರೆ ತಪ್ಪೇನಿಲ್ಲ. ಆದರೆ ಇಷ್ಟು ವರ್ಷ ನಿಯತ್ತಿನಿಂದ ದುಡಿದವರಿಗೆ ಕೊನೆಯ ದಿನ ನನ್ನ ಬಾಯಿಂದ ಕೆಟ್ಟ ಹೆಸರು ಬರಬಾರದು. ಪೂರ್ತಿ ಹೇಳಿಯೇ ಬಿಡುತ್ತೇನೆ.

ಅಧ್ಯಕ್ಷರೇ, ಹಾರ್ನ್ ಕೇಳಿದ ಮೇಲೆ ಕೈಯಲ್ಲಿರುವ ಟ್ರೇ ಕೆಳಗಿಡಬಹುದು. ಹಳಸಿದ ಕೆನೆ ತಾಜಾ ಆಗುತ್ತದೆಯೇ? ಹೆಗ್ಗಣ ಕೊರೆದ ಗೋಡೆ ತಾನಾಗಿ ಮುಚ್ಚಿಕೊಳ್ಳುತ್ತದೆಯೇ? ಹಾರ್ನ್ ಹೊಡೆದೇ ಬಂದು ನನ್ನ ಬೇಕರಿಗೆ ಬೀಗ ಜಡಿಸಿದ ಮಹಾನುಭಾವರು ಇವರು! ಆಗ ಹೊಟ್ಟೆ ಉರಿದು ಬೈದುಕೊಂಡೆ, ಸುಳ್ಳು ಯಾಕೆ ಹೇಳಲಿ. ಗೋಡೆಗೆ ಗಾರೆ ಮಾಡಿಸಿ ಬಾಗಿಲು ತೆರೆದ ದಿನ ಮೊದಲ ಬನ್ನು ತಿಂದವರೂ ಇವರೇ, ಅದೂ ಕಾಸು ಕೊಟ್ಟು. ಇವರು ಯಾರನ್ನೂ ಬಿಟ್ಟವರಲ್ಲ. ಆ ಮೊದಲ ದಿನದ ನಂತರ ಯಾರನ್ನೂ ಬೆಚ್ಚಿಬೀಳಿಸಲಿಲ್ಲ, ಅಷ್ಟೇ.

ಅಧ್ಯಕ್ಷರು ನಕ್ಕರು. ಸದ್ಯ, ಬದುಕಿದೆ!

ಸಾಹೇಬರೇ, ತಲೆ ಎತ್ತಿ. ನಾನು ಇಲ್ಲಿಗೆ ಹೊರಟಾಗ ನನ್ನಾಕೆ ನಿಮಗೊಂದು ಮಾತು ಹೇಳಿಕಳಿಸಿದಳು. ಸುಟ್ಟ ಕಲೆ ಇನ್ನೂ ಇರುವ ಕೈಯಿಂದಲೇ ನನ್ನ ಕಾಲರ್ ಸರಿಮಾಡುತ್ತಾ ಹೇಳಿದಳು: “ಇಷ್ಟು ದಿನ ಅಧಿಕಾರಿಯಾಗಿ ಹಾರ್ನ್ ಹೊಡ್ಕೊಂಡು ಬಂದ್ರು. ಇನ್ಮೇಲೆ ಅಣ್ಣನಾಗಿ, ಹಾರ್ನ್ ಹೊಡೀದೆ ಹಾಗೇ ಬರ್ಲಿ. ತಂಗಿ ಮನೆಗೆ ಯಾರಾದ್ರೂ ಹೇಳಿ ಬರ್ತಾರಾ?”

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದಗಳು. ಹೊರಗೆ ಬಿಸಿ ಬನ್ನು ಕಾದಿದೆ. ನಮಸ್ಕಾರ.